ತೂಬಿನ ಮನೆಗೆ ಬೆಳಗಿನ ಕೂಗು

ನಮ್ಮೂರಲ್ಲಿ ಬೆಳಗ್ಗೆ ಕಣ್ಣು ಬಿಟ್ಟವರನ್ನು ಮೊದಲು ಹೆಸರು ಹಿಡಿದು ಕೂಗಬೇಕು. ಮುಖ ತೊಳೆಯುವುದು, ಕಾಫಿ, ಒಲೆ ಎಲ್ಲ ಆಮೇಲೆ. ಕೂಗುವ ತನಕ ಎದ್ದವರು ಹಾಸಿಗೆಯ ಮೇಲೆ ಸುಮ್ಮನೆ ಕೂತು, ಇದು ಯಾರ ಕೈ ಎನ್ನುವ ಹಾಗೆ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿರುತ್ತಾರೆ. ಅವರಿಗೆ ಅವಸರವೇನೂ ಇರುವುದಿಲ್ಲ. ಹೆಸರು ಕಿವಿಗೆ ಬಿತ್ತೆಂದರೆ, ಖಾಲಿ ಕೋಣೆಗೆ ದೀಪ ತಂದಿಟ್ಟ ಹಾಗೆ ಮುಖ ತುಂಬಿಕೊಳ್ಳುತ್ತದೆ. ಉಳಿದದ್ದೆಲ್ಲ ಹೊತ್ತು ಏರುತ್ತಾ ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ. ಆದರೂ ಹೆಸರಿನ ಜೊತೆ ನಾಲ್ಕು ಮಾತು ಸೇರಿಸಿ ಹೇಳುವುದು ಮನೆಮನೆಯ ರೂಢಿ.

ನನ್ನನ್ನು ಕೂಗುವವರು ನಮ್ಮನೆಯವರು. ಅವರಿಗೆ ಸುಣ್ಣದ ಭಟ್ಟಿಯಲ್ಲಿ ರಾತ್ರಿ ಪಾಳಿ. ಬೆಳಗಿನ ಜಾವ ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ಬಂದು ಹೊಸಿಲಾಚೆಯಿಂದಲೇ, "ದಾಕ್ಷಾಯಣೀ, ಹಾಲು ತಂದಿದೀನಿ" ಅನ್ನುತ್ತಾರೆ. ನನಗೆ ಅಷ್ಟು ಸಾಕು. ಅವರು ಮಲಗುತ್ತಾರೆ, ನಾನು ಎದ್ದು ಮಗಳನ್ನು ಕೂಗುತ್ತೇನೆ. ನಮ್ಮ ಸುಣ್ಣದ ಬೀದಿಯಲ್ಲಿ ದಿನದ ಮೊದಲ ಮಾತು ಹುಟ್ಟುವುದು ನಮ್ಮ ಮನೆಯಲ್ಲೇ.

ಮಗಳನ್ನು ಕೂಗುವಾಗ ಮಾತ್ರ ನನ್ನ ಮಾತು ನಾಲ್ಕಕ್ಕೆ ನಿಲ್ಲುತ್ತಿರಲಿಲ್ಲ. "ಇಂದುಮತೀ, ನನ್ನ ಕಂದಾ, ದಾಕ್ಷಾಯಣಿ ಮಗಳು ನೀನು. ಅಕಾಲದ ಮಳೆ ಬಂದ ದಿನ ಹುಟ್ಟಿದೋಳು. ನುಗ್ಗೇಕಾಯಿ ಹುಳಿ ಅಂದ್ರೆ ಪ್ರಾಣ, ಹಾಗಲಕಾಯಿ ಆಗಲ್ಲ. ಕತ್ತಲೆ ಅಂದ್ರೆ ಸ್ವಲ್ಪ ಭಯ. ತಣ್ಣೀರು ತಲೆಗೆ ಹಾಕ್ಕೋಬೇಡ, ಶೀತ ಆಗುತ್ತೆ. ನೀನಂದ್ರೆ ನಂಗೆ ಜೀವ." ಚಿಕ್ಕವಳಿದ್ದಾಗ ಶುರುವಾದದ್ದು. ವರ್ಷ ಹೋದಂತೆ ಸೇರಿಸುತ್ತಾ ಬಂದೆನೇ ಹೊರತು ಯಾವುದನ್ನೂ ತೆಗೆಯಲಿಲ್ಲ. ಮಕ್ಕಳ ಬಟ್ಟೆಯಾದರೆ ಚಿಕ್ಕದಾಯಿತೆಂದು ಕಣ್ಣಿಗೆ ಕಾಣುತ್ತದೆ.

ಹಿನ್ನೀರಿನ ಆಚೆ ದಡದಲ್ಲಿ ತೂಬಿನ ಮನೆ ಇದೆ. ನೀರು ಏರುವಾಗ ಗೇಟು ಹಾಕಿ, ಇಳಿಯುವಾಗ ತೆಗೆಯಬೇಕು, ಇಲ್ಲದಿದ್ದರೆ ಉಪ್ಪುನೀರು ಗದ್ದೆಗೆ ನುಗ್ಗುತ್ತದೆ. ಮೊದಲು ಅಲ್ಲಿ ಗಂಡಹೆಂಡತಿ ಇದ್ದರು, ಒಬ್ಬರನ್ನೊಬ್ಬರು ಕೂಗಿಕೊಳ್ಳುತ್ತಿದ್ದರು. ಅವರು ಬಿಟ್ಟುಹೋದ ಮೇಲೆ ಆ ಕೆಲಸ ತನಗೆ ಬೇಕೆಂದು ನಮ್ಮ ಇಂದು ಹಟ ಹಿಡಿದಳು. ಒಬ್ಬಳೇ.

"ಬೆಳಗ್ಗೆ ಯಾರು ಕೂಗ್ತಾರೆ ನಿನ್ನ? ಕೊಕ್ಕರೆನಾ?" ಎಂದೆ.

"ಫೋನು ಬರ್ತಿದೆಯಲ್ಲವ್ವಾ. ನೀನೇ ಕೂಗು, ಫೋನಲ್ಲಿ."

"ತಂತೀಲಿ ಬರೋ ಕೂಗಿಗೆ ಮನುಷ್ಯ ಎದ್ದೇಳ್ತಾನಾ?"

"ನೀನು ಮಾರ್ಕೆಟ್ ಬೀದಿ ಮೂಲೆಯಿಂದ ಕೂಗಿದ್ರೂ ಎದ್ದೇಳ್ತೀನಿ. ಫೋನಿಗೆ ಏಳಲ್ವಾ?"

ಅವಳ ಅಪ್ಪ ನಕ್ಕುಬಿಟ್ಟರು. ಅವರು ನಕ್ಕ ಮೇಲೆ ನನ್ನ ಮಾತು ನಡೆಯುವುದಿಲ್ಲ. ಕೊನೆಗೆ ಒಂದು ಕರಾರು ಮಾಡಿದೆ: ಒಂದೇ ಒಂದು ಬೆಳಗ್ಗೆ ಕೂಗು ತಪ್ಪಿದರೂ ಅವಳು ಹಾಸಿಗೆ ಸುತ್ತಿಕೊಂಡು ಮನೆಗೆ ಬರಬೇಕು, ಮತ್ತೆ ಆ ಮಾತೆತ್ತಬಾರದು. ಅವಳು ನನ್ನ ಅಂಗೈ ಮೇಲೆ ಕೈಯಿಟ್ಟು ಒಪ್ಪಿದಳು. ಆಗ ನನ್ನ ಮನಸ್ಸಿನ ಒಂದು ಮೂಲೆ, ತಪ್ಪಲಿ, ಅಂದಿತು.

ಫೋನು ಕೂಡಿಸಲು ದೊಡ್ಡೂರಿನ ಕಂಪನಿಯಿಂದ ಜುಬೇದಾ ಎನ್ನುವ ಹುಡುಗಿ ಬಂದಳು. ಹೆಗಲಿಗೊಂದು ಭಾರದ ಚೀಲ, ಕಾಲಿಗೆ ಗಂಡಸರ ಬೂಟು. ಇಂಟರ್ನೆಟ್ಟಿನ ಮೇಲೆ ಮಾತು ಸಾಗಿಸುವ ಪೆಟ್ಟಿಗೆಗಳನ್ನು ತಂದಿದ್ದಳು. ಒಂದು ನಮ್ಮನೆಗೆ, ಒಂದು ತೂಬಿನ ಮನೆಗೆ, ಇನ್ನೊಂದು ನಮ್ಮ ದಡದ ದೋಣಿಮನೆಯಲ್ಲಿ ಒಬ್ಬನೇ ಇರುವ ಮರುಳಪ್ಪನಿಗೆ. ಮರುಳಪ್ಪನೆಂದರೆ ದೋಣಿ ನಡೆಸುವವನು. ಮೀಸೆ ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. ದಿನಾ ಬೆಳಗ್ಗೆ ಅವನ ಅಕ್ಕ ಹಾಲಮ್ಮ ಮಾರ್ಕೆಟ್ ಬೀದಿಯಿಂದ ಮಂಡಿನೋವು ಎಳೆದುಕೊಂಡು ನಡೆದುಹೋಗಿ, ಕಿಟಕಿಯಿಂದ "ಮರುಳಪ್ಪಾ, ದೋಣಿ ಬಿಡು" ಎಂದು ಕೂಗಿ ಬರುತ್ತಿದ್ದಳು. ಇನ್ನು ಮೇಲೆ ಅವಳು ಪಕ್ಕದ ಅಂಗಡಿಯ ಫೋನಿನಿಂದ ಕೂಗಬಹುದು.

ಜುಬೇದಾ ನಮ್ಮನೆಯಲ್ಲೇ ಉಳಿದಳು. ಮಾರನೆಯ ಬೆಳಗ್ಗೆ ಅವಳೂ ಎದ್ದು ಕೂತು ತನ್ನ ಕೈ ನೋಡಿಕೊಳ್ಳುತ್ತಿದ್ದಳು. ಹೊರಗಿನವರಿಗೂ ನಮ್ಮೂರಿನ ನಿದ್ದೆ ಒಂದೇ. ಪಾಪ, ಅವಳ ಬಗ್ಗೆ ನನಗೆ ತಿಳಿದದ್ದಾದರೂ ಎಷ್ಟು? "ಜುಬೇದಾ, ಫೋನು ಕೂಡಿಸೋಕೆ ಬಂದಿರೋ ಹುಡುಗಿ, ನಮ್ಮನೆ ನೆಂಟಳು" ಎಂದೆ. ಅವಳು ಕಣ್ಣು ಮಿಟುಕಿಸಿ, ಸ್ವಲ್ಪ ಹೊತ್ತು ಬಿಟ್ಟು ಜೋರಾಗಿ ನಕ್ಕಳು.

"ಅಕ್ಕಾ, ನಮ್ಮ ಪೆಟ್ಟಿಗೆಗಳೂ ಥೇಟ್ ಹೀಗೇ!"

ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬದ ಪಕ್ಕ ಒಂದು ಚಿಕ್ಕ ಕಂಪ್ಯೂಟರು ಇಟ್ಟು ಅದರ ಎದುರು ಕೂತಳು. ನಾನು ರೊಟ್ಟಿ ತಟ್ಟುತ್ತಾ ಅವಳು ಹೇಳಿದ್ದನ್ನು ಕೇಳಿದೆ. ನಮ್ಮೂರಲ್ಲಿ ರಾತ್ರಿ ಕರೆಂಟು ತೆಗೆದು ಬೆಳಗಿನ ಜಾವ ಕೊಡುತ್ತಾರೆ. ಆ ಪೆಟ್ಟಿಗೆಗಳ ಹೊಟ್ಟೆಯಲ್ಲಿ ಏನೂ ಉಳಿಯುವುದಿಲ್ಲವಂತೆ. ಕರೆಂಟು ಬಂದ ಕೂಡಲೇ ಪೆಟ್ಟಿಗೆ ಎದ್ದು, ಯಾರನ್ನು ಕೇಳಬೇಕೆಂದು ಗೊತ್ತಿಲ್ಲದೆ ಊರಿಗೆಲ್ಲ ಕೇಳುವ ಹಾಗೆ, "ನಾನು ಯಾರು?" ಎಂದು ಕೂಗುತ್ತದಂತೆ. ಬ್ಯಾಟರಿಯ ಮೇಲೆ ಎಚ್ಚರವಾಗಿರುವ ಈ ಕಂಪ್ಯೂಟರು ಅದರ ಬೆನ್ನಿನ ಗುರುತು ನೋಡಿ, "ನೀನು ಇಂಥದು, ನಿನ್ನ ವಿಳಾಸ ಇದು, ನಿನ್ನ ಫೈಲು ಇಲ್ಲಿದೆ, ಬಂದು ತಗೋ" ಎನ್ನುತ್ತದೆ. ಆಮೇಲೆ ಪೆಟ್ಟಿಗೆ ತನ್ನ ಫೈಲನ್ನು ಚೂರು ಚೂರಾಗಿ ತರಿಸಿಕೊಳ್ಳುತ್ತದೆ.

"ಒಂದೇ ಸಲಕ್ಕೆ ಕೊಡಲ್ವಾ?"

"ಇಲ್ಲ. ಒಂದು ಚೂರು ಕೊಟ್ಟು ಕಾಯುತ್ತೆ. ಆ ಕಡೆಯಿಂದ 'ಬಂತು' ಅನ್ನಬೇಕು. ಆಮೇಲೇ ಮುಂದಿನದು. ಬಂತು ಅನ್ನದಿದ್ರೆ ಕೊಟ್ಟಿದ್ದನ್ನೇ ಮತ್ತೆ ಕೊಡುತ್ತೆ."

"ತುತ್ತು ಕೊಟ್ಟ ಹಾಗೆ," ಎಂದೆ. "ನುಂಗಿದ ಮೇಲೆ ಇನ್ನೊಂದು."

"ಅದೇ ಅಕ್ಕಾ. ಇದಕ್ಕಿಂತ ಚೆನ್ನಾಗಿ ನಮ್ಮ ಟ್ರೇನಿಂಗಲ್ಲೂ ಹೇಳಿರಲಿಲ್ಲ," ಎಂದು ಬಿಸಿ ರೊಟ್ಟಿಗೆ ಕೈ ಚಾಚಿದಳು.

ಪೆಟ್ಟಿಗೆಗಳ ಬೆನ್ನಿನ ಗುರುತುಗಳನ್ನು ಕಂಪ್ಯೂಟರಿಗೆ ಹೇಳಿಕೊಟ್ಟು, ಹೊರಗೆ ಹೋಗಬೇಕಾದ ಎರಡರ ನೆತ್ತಿಯ ಮೇಲೆ ಸೀಮೆಸುಣ್ಣದಲ್ಲಿ ಒಂದಕ್ಕೆ ತೂಬು, ಇನ್ನೊಂದಕ್ಕೆ ದೋಣಿ ಎಂದು ಬರೆದು, ಅವಳು ಆಂಟೆನಾ ಕಟ್ಟಲು ಮಾಳಿಗೆ ಹತ್ತಿದಳು. ನಾನು ಒಲೆ ಸಾರಿಸಿ, ಬಟ್ಟೆ ಹಿಂಡಿ, ಅದೇ ಕೈಯಲ್ಲಿ ಪೆಟ್ಟಿಗೆಗಳನ್ನೂ ಒರೆಸಿಟ್ಟೆ. ಭಟ್ಟಿಯ ಊರು, ಎಲ್ಲದರ ಮೇಲೂ ಬಿಳಿ ಧೂಳು ಕೂರುತ್ತದೆ. ಬಿಳಿ ಕಂಡಲ್ಲೆಲ್ಲ ನನ್ನ ಕೈ ತಾನೇ ಓಡುತ್ತದೆ. ಒರೆಸಿದ ಮೇಲೆ ನೋಡುತ್ತೇನೆ, ಅಕ್ಷರ ಇಲ್ಲ. ಎರಡೂ ಅವಳಿ ಮಕ್ಕಳ ಹಾಗೆ ಒಂದೇ ಥರ ಕೂತಿವೆ.

ಮಾಳಿಗೆಯ ಮೇಲಿರುವ ಹುಡುಗಿಯನ್ನು ಇಷ್ಟಕ್ಕೆ ಇಳಿಸುವುದೇಕೆ ಎಂದುಕೊಂಡು, ನಮ್ಮೂರಿನವರು ಯಾರಾದರೂ ಮಾಡುವುದನ್ನೇ ಮಾಡಿದೆ. ಎರಡರ ಎದುರೂ ಕೂತು, "ಇಂದು ಪೆಟ್ಟಿಗೆ ಯಾವುದಪ್ಪಾ?" ಎಂದು ಕೂಗಿದೆ. ಬಲಗಡೆಯದರ ಹಸಿರು ದೀಪ ಪಿಳಕ್ ಎಂದಿತು. ಹೆಸರಿಗೆ ಓಗೊಟ್ಟವರೇ ಆ ಹೆಸರಿನವರು, ಅದರಲ್ಲಿ ಅನುಮಾನ ಪಡುವುದು ನಮಗೆ ಗೊತ್ತೇ ಇಲ್ಲ. ಬಲಗಡೆಯದರ ಮೇಲೆ ತೂಬು ಎಂದೂ ಎಡಗಡೆಯದರ ಮೇಲೆ ದೋಣಿ ಎಂದೂ ನಾನೇ ದುಂಡಗೆ ಬರೆದಿಟ್ಟೆ.

ಸಂಜೆಗೆ ಎಲ್ಲ ಕೂಡಿಸಿಯಾಯಿತು. ಇಂದು ತೂಬಿನ ಮನೆಯಿಂದ ಫೋನು ಮಾಡಿ, "ಅವ್ವಾ, ಕೇಳಿಸ್ತಾ? ಇಲ್ಲಿ ಗಾಳಿ ಎಷ್ಟು ಚೆನ್ನಾಗಿದೆ ಗೊತ್ತಾ?" ಎಂದಳು. ಮರುಳಪ್ಪ ಫೋನು ಮಾಡಿ, "ಕೇಳ್ತದೆ, ಇಡ್ತೀನಿ" ಎಂದು ಇಟ್ಟುಬಿಟ್ಟ. ಅವರಿಂದ ನಮಗೆ ಬಂತು, ಸರಿ ಎಂದು ಜುಬೇದಾ ಚೀಲ ಮುಚ್ಚಿದಳು. ನಮ್ಮಿಂದ ಅವರಿಗೆ ಹೋಗುತ್ತದೆಯೋ ಎಂದು ಯಾರೂ ಕರೆದು ನೋಡಲಿಲ್ಲ.

ಬೆಳಗಾಯಿತು. ನಮ್ಮನೆಯವರು ನನ್ನನ್ನು ಕೂಗಿದರು, ನಾನು ಜುಬೇದಾಳನ್ನು ಕೂಗಿದೆ, ಆಮೇಲೆ ಸೆರಗಲ್ಲಿ ಕೈಯೊರೆಸಿಕೊಂಡು ತೂಬಿನ ಮನೆಯ ನಂಬರು ಒತ್ತಿದೆ. ಆ ಕಡೆ ಫೋನು ಎತ್ತಿದರು. ಮಾತಿಲ್ಲ, ಬರೀ ಉಸಿರು. ಕೂಗಿಸಿಕೊಳ್ಳದವರು ಮಾತಾಡುವುದಿಲ್ಲವಲ್ಲ. ನಾನು ಕಣ್ಣು ಮುಚ್ಚಿ ಹೇಳತೊಡಗಿದೆ, "ಇಂದುಮತೀ, ನನ್ನ ಕಂದಾ..." ಹುಳಿ, ಹಾಗಲಕಾಯಿ, ಕತ್ತಲೆ, ತಣ್ಣೀರು, ಜೀವ, ಒಂದನ್ನೂ ಬಿಡಲಿಲ್ಲ. ದೂರವಿದ್ದಾಳೆಂದು ಇನ್ನೂ ಒಂದೆರಡು ಸೇರಿಸಿದೆ. ಕೊನೆಗೆ ಆ ಕಡೆಯಿಂದ "ಹ್ಞೂಂ" ಎಂದು ಬಂತು. ಗಂಟಲು ಕಟ್ಟಿತ್ತು.

"ನೋಡು, ಮೊದಲನೇ ದಿನಾನೇ ಶೀತ ಮಾಡ್ಕೊಂಡಿದಾಳೆ" ಎಂದು ಜುಬೇದಾಗೆ ಹೇಳಿ, ಹುಳಿಗೆ ಬೇಳೆ ಇಟ್ಟೆ.

ಬೇಳೆ ಬೆಂದು, ನುಗ್ಗೇಕಾಯಿ ಹಾಕಿ, ಒಗ್ಗರಣೆ ಕೊಡುವ ಹೊತ್ತಿಗೆ ಪಕ್ಕದ ಮನೆಯಾಕೆ ಏದುಸಿರು ಬಿಡುತ್ತಾ ಬಂದಳು. "ದಾಕ್ಷಾಯಣಮ್ಮಾ, ನಿನ್ನ ಮಗಳು ದೋಣಿ ನಡೆಸ್ತಾ ಇದಾಳಲ್ಲೇ! ನಿಂಬೆಹಣ್ಣಿನವನಿಗೆ ಬೈದು ಮೂಲೇಲಿ ಕೂರಿಸಿದಾಳೆ. ಥೇಟ್ ಮರುಳಪ್ಪನೇ, ಮೀಸೆ ಒಂದಿಲ್ಲ!"

ಒರೆಸಿದ ಬಟ್ಟೆ, ಹಸಿರು ದೀಪ, ಕಟ್ಟಿದ ಗಂಟಲು, ಎಲ್ಲ ಒಟ್ಟಿಗೆ ನೆನಪಾಯಿತು. ನಿಂತಲ್ಲೇ ಜುಬೇದಾಗೆ ಹೇಳಿದೆ. ಅವಳು ತಲೆಯ ಮೇಲೆ ಕೈ ಇಟ್ಟುಕೊಂಡಳು. "ಹಾಗಾದ್ರೆ ನಿಮ್ಮ ಕೂಗು ದೋಣಿಮನೆಗೆ ಹೋಗಿದೆ. ಹಾಲಮ್ಮನ ಕೂಗು ತೂಬಿನ ಮನೆಗೆ."

ಹುಳಿಯನ್ನು ಟಿಫನ್ ಕ್ಯಾರಿಯರಿಗೆ ಸುರಿದುಕೊಂಡು ಇಬ್ಬರೂ ದಂಡೆಗೆ ಓಡಿದೆವು. ನೀರಿನ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಮಂಜಿನೊಳಗಿಂದ ದೋಣಿಯ ಮೂತಿ ಬಂತು, ಆಮೇಲೆ ಜನ, ಆಮೇಲೆ ಹಿಂಬದಿಯಲ್ಲಿ ಉದ್ದ ಗಳ ಹಿಡಿದು ನಿಂತ ನನ್ನ ಮಗಳು. ಚೂಡಿದಾರದ ವೇಲನ್ನು ತಲೆಗೆ ಸುತ್ತಿದ್ದಳು. ಕಾಲು ಅಗಲಿಸಿ ನಿಂತ ರೀತಿ ನಾನೆಂದೂ ಕಾಣದ್ದು. ಬೆಳಗ್ಗೆ ಆಚೆ ದಡದಲ್ಲಿ ಮರುಳಪ್ಪ ದೋಣಿಯಿಂದಿಳಿದು ತೂಬಿನ ಮನೆಯ ಕಡೆ ಹೋದನಂತೆ, ಇವಳು ಹತ್ತಿಕೊಂಡಳಂತೆ. ಎದುರಾದಾಗ ಒಬ್ಬರನ್ನೊಬ್ಬರು ತಲೆಬಾಗಿಸಿ ಮಾತಾಡಿಸಿದರಂತೆ.

ಅವಳು ನನ್ನನ್ನು ನೋಡಿದಳು. "ಏನಮ್ಮಾ, ಹತ್ತೋದಿದ್ರೆ ಹತ್ತು. ಕ್ಯಾರಿಯರ್ ನೆಟ್ಟಗೆ ಹಿಡ್ಕೋ, ಚೆಲ್ಲೀತು."

ಹೆಸರು ನಾಲಿಗೆಯ ತುದಿಗೆ ಬಂತು. ಆದರೆ ನೀರಿನ ಮೇಲಿರುವವರನ್ನು ಕೂಗಬಾರದು, ಮೈ ಜುಮ್ಮೆಂದು ಕೈಯಲ್ಲಿರುವ ಗಳ ಜಾರುತ್ತದೆ. ನಾನು ಸುಮ್ಮನೆ ಹತ್ತಿ ಅವಳ ಕಾಲ ಬಳಿಯ ಹಲಗೆಯ ಮೇಲೆ ಕೂತೆ. ಜುಬೇದಾ ಬುಟ್ಟಿಗಳ ನಡುವೆ ಕೂತಳು. ದಡ ಮರೆಯಾಯಿತು. ಗಳ ನೀರಿಗಿಳಿಯುವ ಸದ್ದು, ನೀರು ತೊಟ್ಟಿಕ್ಕುವ ಸದ್ದು, ಮತ್ತೆ ಇಳಿಯುವ ಸದ್ದು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿ, ನನ್ನ ಗುರುತಿಲ್ಲದೆ, ನನ್ನನ್ನು ನೀರು ದಾಟಿಸುತ್ತಿದ್ದಳು.

"ಯಾರ ಮನೆಗಮ್ಮಾ?" ಎಂದು ಕೇಳಿದಳು.

"ಮಗಳ ಮನೆಗೆ."

"ಆ ದಡದಲ್ಲಾ? ಒಬ್ಳೇ ಇರ್ತಾಳಾ?"

"ಹೂಂ."

"ಭಯ ಆಗಲ್ವಂತಾ?"

"ಆಗುತ್ತೆ. ಕತ್ತಲೆ ಅಂದ್ರೆ ಭಯ ಅವಳಿಗೆ."

"ಅವಳು ಹೇಳಿದ್ಲಾ?"

ನಾನು ಯೋಚಿಸಿದೆ. ಮಂಜು ಮುಖಕ್ಕೆ ತಣ್ಣಗೆ ತಾಗುತ್ತಿತ್ತು. "ಇಲ್ಲ. ನಾನು ಹೇಳ್ತೀನಿ, ದಿನಾ ಬೆಳಗ್ಗೆ."

ಅವಳು ನಕ್ಕಳು. ಗಂಡಸರ ಹಾಗೆ ತಲೆ ಹಿಂದಕ್ಕೆ ಹಾಕಿ, ನೀರಿನ ತುಂಬ ಹರಡುವ ಹಾಗೆ. "ಒಳ್ಳೆ ಅಮ್ಮ ನೀನು. ದಿನಾ ಹೇಳ್ತಿದ್ರೆ ಹೆದರದೆ ಇನ್ನೇನು ಮಾಡ್ತಾಳೆ ಪಾಪ. ಒಂದಿನ ಹೇಳದೆ ಇದ್ದು ನೋಡು."

ದಡ ಬಂತು. ದೋಣಿ ಕಟ್ಟಿ, ನನ್ನ ಕೈ ಹಿಡಿದು ಇಳಿಸಿದಳು. ಕೈ ಬಿಸಿಯಾಗಿತ್ತು, ಗಟ್ಟಿಯಾಗಿತ್ತು.

"ನೀನೂ ಬಾ ತಾಯಿ, ತೂಬಿನ ಮನೆ ತನಕ. ಕಾಲುದಾರಿ ಜಾರುತ್ತೆ," ಎಂದೆ. ಗೊಣಗುತ್ತಲೇ ಬಂದಳು.

ತೂಬಿನ ಗೇಟು ತೆಗೆದಿತ್ತು, ನೀರು ಸರಿಯಾಗಿ ಹೋಗುತ್ತಿತ್ತು. ಮನೆಯಲ್ಲಿ ಮಾತ್ರ ಹಗಲಲ್ಲೇ ಇದ್ದಬದ್ದ ದೀಪವೆಲ್ಲ ಉರಿಯುತ್ತಿತ್ತು. ಬಿಸಿನೀರಲ್ಲಿ ಮಿಂದು ತಲೆಗೆ ಟವೆಲು ಸುತ್ತಿಕೊಂಡು ಮರುಳಪ್ಪ ಜಗುಲಿಯಲ್ಲಿ ಕೂತಿದ್ದ. ನನ್ನನ್ನು ಕಂಡದ್ದೇ ಆ ಮೀಸೆಯ ಮುಖ ಅರಳಿದ್ದನ್ನು ನಾನು ಹೇಗೆ ಹೇಳಲಿ!

"ಅವ್ವಾ, ಬಂದ್ಯಾ?" ಎಂದ. "ಹುಳಿ ತಂದ್ಯಾ?"

ಜುಬೇದಾ ದುಪಟ್ಟಾ ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ನನಗೆ ನಗು ಬರಲಿಲ್ಲ. "ತಂದಿದೀನಿ ಕಣಪ್ಪಾ" ಎಂದು ತಟ್ಟೆ ಹುಡುಕಿ ಬಡಿಸಿದೆ.

ಆಮೇಲೆ ಮಗಳ ಕಡೆ ತಿರುಗಿದೆ. ಅವಳು ಮೆಟ್ಟಿಲ ಮೇಲೆ ಸೊಂಟಕ್ಕೆ ಕೈ ಕೊಟ್ಟು, ದೋಣಿಗೆ ಹೊತ್ತಾಯಿತು ಎನ್ನುವ ಹಾಗೆ ನಿಂತಿದ್ದಳು. ಯಾವುದಕ್ಕೂ ಅಂಜದ ಮುಖ. ಅದನ್ನು ಇನ್ನೊಂದು ಸಲ ನೋಡಿಕೊಂಡೆ.

"ಇಂದುಮತೀ," ಎಂದೆ.

ಮುಂದಿನ ಮಾತುಗಳು ಬಾಯ ತನಕ ಬಂದು ಸಾಲಾಗಿ ನಿಂತವು. ಒಂದನ್ನೂ ಹೊರಗೆ ಬಿಡಲಿಲ್ಲ. ಅವಳ ಮುಖ ನಿಧಾನಕ್ಕೆ ತುಂಬಿಕೊಂಡಿತು. ಕೈ ಸೊಂಟದಿಂದ ಇಳಿಯಿತು, ಆದರೆ ಕಾಲು ಹಾಗೆಯೇ ಅಗಲವಾಗಿ ಊರಿಕೊಂಡೇ ಇತ್ತು.

"ಅವ್ವಾ?" ಎಂದಳು. ಸುತ್ತ ನೋಡಿದಳು. "ಉಳಿದದ್ದು?"

"ಇವತ್ತಿಗೆ ಅಷ್ಟೇ."

ಜಗುಲಿಯಲ್ಲಿ ಮರುಳಪ್ಪ ತನ್ನ ಸರದಿ ಬಂತೆಂದು ತಿಳಿದು ತಲೆಯೆತ್ತಿದ. ಅವನಿಗೆ ಎಲ್ಲ ಗೊತ್ತಿತ್ತೋ ಏನೋ. "ಹುಳಿಯನ್ನ ಮುಗಿಸ್ತೀನವ್ವಾ," ಎಂದ ಮೆಲ್ಲಗೆ. "ಆಮೇಲೆ ಕೂಗು." ನಾನು ಕಾದೆ. ನಿಧಾನವಾಗಿ, ನುಗ್ಗೇಕಾಯಿಯ ಒಂದೊಂದು ಹೋಳನ್ನೂ ಜಗಿದು, ತಟ್ಟೆ ಬೆರಳಲ್ಲಿ ಒರೆಸಿ ಉಂಡ. ಕೈ ತೊಳೆದು ಬಂದು ಎದುರಿಗೆ ಕೂತ ಮೇಲೆ, "ಮರುಳಪ್ಪಾ, ದೋಣಿ ಬಿಡು" ಎಂದೆ. ಮುಖ ಬಿಗಿದುಕೊಂಡಿತು. ಎದ್ದು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಯಾರ್ರೀ ಇಷ್ಟು ದೀಪ ಹಚ್ಚಿರೋದು, ಬುದ್ಧಿ ಇಲ್ವಾ?" ಎಂದು ಗದರಿದ. ಮೆಟ್ಟಿಲಿಳಿದವನು ಒಂದು ಗಳಿಗೆ ನಿಂತು ತಿರುಗಿ ನೋಡಿದ. ಏನನ್ನೋ ಮರೆತು ಬಂದವರ ಹಾಗೆ.

ಒಳಗೆ ಹೋದರೆ ಇಂದು ಹಾಸಿಗೆ ಸುತ್ತುತ್ತಿದ್ದಳು.

"ಏನೇ ಇದು?"

"ಕೂಗು ತಪ್ಪಿತಲ್ಲವ್ವಾ. ಕೈ ಮೇಲೆ ಕೈ ಇಟ್ಟು ಹೇಳಿದೀನಿ." ಅವಳ ದನಿ ಸಣ್ಣಗಿತ್ತು. ಕಿಟಕಿಯಾಚೆ ಇಳಿಯುವ ನೀರು ಹೊಳೆಯುತ್ತಿತ್ತು. ಅವಳು ಅದರ ಕಡೆ ನೋಡದಿರಲು ಪಡುತ್ತಿದ್ದ ಪಾಡು ನನಗೆ ಕಂಡಿತು.

ನಾನು ಬಯಸಿದ್ದು ಅಂಗೈಗೇ ಬಂದಿತ್ತು. ಹೂಂ ಎಂದರೆ ಸಾಕಿತ್ತು, ಸಂಜೆಗೆ ಅವಳು ನಮ್ಮನೆಯ ನಡುಮನೆಯಲ್ಲಿರುತ್ತಿದ್ದಳು. ನಾಳೆ ಬೆಳಗ್ಗೆ ಅವಳನ್ನು ಮುಟ್ಟಿ ಕೂಗಬಹುದಿತ್ತು. ಕತ್ತಲೆ ಅಂದ್ರೆ ಸ್ವಲ್ಪ ಭಯ ಎನ್ನಬಹುದಿತ್ತು, ಅವಳೂ ಹೆದರುತ್ತಿದ್ದಳು.

"ಕೂಗು ತಪ್ಪಲಿಲ್ಲ ಕಣೇ," ಎಂದೆ. "ಪೆಟ್ಟಿಗೆ ತಪ್ಪಿದ್ದು. ಅದನ್ನ ಒರೆಸಿದ್ದು ನಾನು." ಅವಳ ಕೈಯಿಂದ ಹಾಸಿಗೆ ತೆಗೆದು ಮತ್ತೆ ಬಿಚ್ಚಿ ಹಾಸಿದೆ. ಮೂಲೆ ಮಡಿಸಿದೆ. "ಬಿಸಿಲು ಬಿದ್ದ ಮೇಲೆ ಇದನ್ನ ಒಣಗಿಸು, ತಂಡಿ ಹಿಡಿದಿದೆ."

ಜುಬೇದಾ ಪೆಟ್ಟಿಗೆಯನ್ನು ತಿರುಗಿಸಿ ಬೆನ್ನಿನ ಗುರುತು ಓದುತ್ತಿದ್ದಳು. "ಅಕ್ಕಾ, ದೀಪ ಮಿಟುಕಿದ್ದಕ್ಕೆ ಹೆಸರಿಟ್ಟುಬಿಟ್ರಲ್ಲ! ನಮ್ಮ ಪೆಟ್ಟಿಗೇನ ನಿಮ್ಮೂರಿಗೇ ಸೇರಿಸ್ಕೊಂಡುಬಿಟ್ರಿ." ಪೆಟ್ಟಿಗೆಗಳನ್ನು ಮತ್ತೆ ನೀರು ದಾಟಿಸುವುದು ಬೇಕಾಗಲಿಲ್ಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ, ಯಾವ ಗುರುತಿಗೆ ಯಾವ ವಿಳಾಸ, ಯಾವ ಫೈಲು ಎನ್ನುವುದನ್ನು ಅದಲು ಬದಲು ಮಾಡಿದಳು. ಈ ಸಲ ನಮ್ಮಿಂದ ಎರಡೂ ಕಡೆಗೆ ಕರೆದು ನೋಡಿ, ಆಮೇಲೇ ಬೂಟು ಹಾಕಿಕೊಂಡಳು. ಹೊರಡುವಾಗ ತನ್ನ ತಾಯಿಯ ಹೆಸರು, ತನಗಿಷ್ಟವಾದ ತಿಂಡಿ ಎಲ್ಲ ನನಗೆ ಹೇಳಿದಳು. ಮತ್ತೆ ಬಂದಾಗ ಸ್ವಲ್ಪ ಹೆಚ್ಚಾಗಿ ಕೂಗಿ ಅಕ್ಕಾ, ಎಂದಳು.

ಕೆಲವು ದಿನ ಕಳೆದು ಹಾಲಮ್ಮ ಮನೆಗೆ ಬಂದು ಮಂಡಿ ನೀವಿಕೊಳ್ಳುತ್ತಾ ಕೂತಳು. "ಅದೇನು ಹೇಳಿದ್ಯೇ ನನ್ನ ತಮ್ಮನಿಗೆ ಅವತ್ತು? ನಾನು ಕೂಗಿದ್ರೆ, ಅಷ್ಟೇನಾ ಅಕ್ಕಾ ಅಂತಾನೆ. ನನಗೆ ಅಂಥವೆಲ್ಲ ಬಾಯಿಗೆ ಬರಲ್ಲ. ನಿನಗೆ ಬಿಡುವಿದ್ರೆ ನೀನೇ ಕೂಗಮ್ಮಾ." ಬಿಡುವು ಎಲ್ಲಿಂದ ಬರಬೇಕು, ಆದರೂ ಹೂಂ ಅಂದೆ. ಅವನು ಹುಟ್ಟಿದ ದಿನ ಹೇಗಿತ್ತು, ಏನು ತಿಂದರೆ ಆಗುವುದಿಲ್ಲ ಎಂದು ಅವಳಿಂದಲೇ ಕೇಳಿ ತಿಳಿದುಕೊಂಡೆ. ಕತ್ತಲೆಯ ಮಾತು ಮಾತ್ರ ಯಾರಿಗೂ ಹೇಳುವುದಿಲ್ಲ.

ಈಗ ಬೆಳಗಿನ ಜಾವ ಕರೆಂಟು ಬರುತ್ತದೆ. ಹಿಟ್ಟಿನ ಡಬ್ಬದ ಪಕ್ಕ ಕಂಪ್ಯೂಟರಿನ ದೀಪ ಮಿಟುಕುತ್ತಾ, ಪೆಟ್ಟಿಗೆಗಳಿಗೆ ಅವರವರ ಫೈಲನ್ನು ಚೂರು ಚೂರಾಗಿ ಉಣಿಸುತ್ತದೆ. ಅದು ಮುಗಿದ ಮೇಲೆ ಮೊದಲು ದೋಣಿಮನೆಗೆ ಫೋನು ಮಾಡಿ, ಮರುಳಪ್ಪನಿಗೆ ಹೇಳಬೇಕಾದ್ದನ್ನೆಲ್ಲ ಸಾವಕಾಶವಾಗಿ ಹೇಳುತ್ತೇನೆ. ಆಮೇಲೆ ತೂಬಿನ ಮನೆಗೆ. ಫೋನು ಎತ್ತಿದ ಸದ್ದಾಗುತ್ತದೆ. ಉಸಿರು ಕೇಳಿಸುತ್ತದೆ. ಅದರ ಹಿಂದೆ ನೀರು ಹೋಗುವ ಸದ್ದು. ಆ ಗಳಿಗೆಯಲ್ಲಿ ಅವಳು ಇನ್ನೂ ಯಾರ ಮಗಳೂ ಅಲ್ಲ.

"ಇಂದುಮತೀ," ಎಂದು ಕಾಯುತ್ತೇನೆ.

"ಬಂತು ಅವ್ವಾ," ಎನ್ನುತ್ತಾಳೆ.

ಮುಂದಿನ ತುತ್ತು ನನ್ನ ಕೈಯಲ್ಲೇ ಇರುತ್ತದೆ. ನಾನು ಫೋನು ಇಟ್ಟು, ಹಾಲು ಉಕ್ಕುವುದರೊಳಗೆ ಒಲೆಯ ಕಡೆ ಹೋಗುತ್ತೇನೆ.